ಪ್ರತಿ ಗಂಟೆಗೂ ಒಬ್ಬ ಹೊಣೆಗಾರ



ದತ್ತಿ ಉಪನ್ಯಾಸಕ್ಕೆ ಸಾಹಿತ್ಯವನ್ನೋ ಇತಿಹಾಸವನ್ನೋ ಆರಿಸಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಈ ಸಲ ಮಕ್ಕಳ ವಿಷಯ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಅದರಲ್ಲೂ ತಪ್ಪು ಮಾಡಿದ್ದಾರೆಂಬ ಆರೋಪ ಹೊತ್ತು ಸರ್ಕಾರದ ವಶದಲ್ಲಿರುವ ಮಕ್ಕಳ ವಿಷಯ. ವ್ಯವಸ್ಥಾಪಕರು ಮರುಮಾತಿಲ್ಲದೆ ಒಪ್ಪಿದರು. ಅವರಿಗೆ ನನ್ನ ಮೊದಲ ಕೃತಜ್ಞತೆ.

ನಾವು ಕೂತಿರುವ ಈ ಚೆನ್ನೈನಲ್ಲೇ, ಪುರಸವಾಕ್ಕಂ ಹೈರೋಡಿನ ಕೆಲ್ಲೀಸಿನಲ್ಲಿ ಅಂಥ ಒಂದು ಮನೆಯಿದೆ. ತಮಿಳಿನಲ್ಲಿ ಅದನ್ನು ಕೂರ್‌ನೋಕ್ಕು ಇಲ್ಲಂ ಎನ್ನುತ್ತಾರೆ, ಕರ್ನಾಟಕದಲ್ಲಿ ವೀಕ್ಷಣಾಲಯ ಎನ್ನುತ್ತೇವೆ. ಆರೋಪ ಹೊತ್ತ 18 ವರ್ಷದೊಳಗಿನ ಹುಡುಗರನ್ನು ವಿಚಾರಣೆ ಮುಗಿಯುವವರೆಗೆ ಇರಿಸುವ ಜಾಗ ಅದು. ಬಸ್ಸಿನಲ್ಲಿ ಅದರ ಮುಂದೆ ಹಾದುಹೋಗದ ಚೆನ್ನೈವಾಸಿ ಅಪರೂಪ. ಗೋಡೆಯ ಆಚೆ ಹುಡುಗರು ಹೇಗೆ ಮಲಗುತ್ತಾರೆ, ಏನು ಉಣ್ಣುತ್ತಾರೆ, ರಾತ್ರಿ ಅವರ ಬಳಿ ಯಾರಿರುತ್ತಾರೆ ಎಂದು ಕೇಳಿದವರು ಇನ್ನೂ ಅಪರೂಪ.

ಇವತ್ತು ನಾನು ಹೇಳಬೇಕಾಗಿರುವುದು ಒಂದೇ ಮಾತು. ಮಗುವನ್ನು ಮನೆಯಿಂದ ಕರೆದೊಯ್ದ ಕ್ಷಣದಿಂದ ಸರ್ಕಾರ ಆ ಮಗುವಿನ ತಂದೆತಾಯಿಯ ಜಾಗದಲ್ಲಿ ನಿಲ್ಲುತ್ತದೆ. ತಾಯಿಗೆ ‘ಮಗ ಈಗ ಎಲ್ಲಿದ್ದಾನೆ, ಊಟ ಮಾಡಿದನೇ, ಯಾರ ಜೊತೆಗಿದ್ದಾನೆ’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ಸರ್ಕಾರದ ಬಳಿಯೂ ಆ ಉತ್ತರ ಇರಬೇಕು. ವಶದಲ್ಲಿರುವ ಮಗುವಿನ ದಿನದ ಪ್ರತಿ ಗಂಟೆಗೂ, ಹೆಸರು ಹಿಡಿದು ಕೇಳಬಹುದಾದ ಒಬ್ಬ ಹೊಣೆಗಾರ ಬೇಕು. ಎತ್ತರದ ಗೋಡೆ, ಗಟ್ಟಿ ಬೀಗ, ಕ್ಯಾಮೆರಾ ಯಾವುದೂ ಆ ಹೊಣೆಗಾರನ ಬದಲಿಗೆ ನಿಲ್ಲಲಾರದು.

ಚೆಂಗಲ್ಪಟ್ಟಿನಲ್ಲಿ ನಡೆದದ್ದು

2022ರ ಡಿಸೆಂಬರ್ ಕೊನೆಯ ವಾರ. ತಾಂಬರಂ ರೈಲ್ವೆ ಆವರಣದಲ್ಲಿ ಬ್ಯಾಟರಿ ಕದ್ದ ಆರೋಪದ ಮೇಲೆ ರೈಲ್ವೆ ರಕ್ಷಣಾ ದಳದವರು 17 ವರ್ಷದ ಒಬ್ಬ ಹುಡುಗನನ್ನು ಹಿಡಿದರು. ಅವನನ್ನು ಚೆಂಗಲ್ಪಟ್ಟಿನ ಸರ್ಕಾರಿ ವೀಕ್ಷಣಾಲಯಕ್ಕೆ ಕಳಿಸಲಾಯಿತು. ಡಿಸೆಂಬರ್ 31ರಂದು ಹುಡುಗ ತೀರಿಕೊಂಡ. ಮೊದಲು ಮನೆಯವರಿಗೆ ಸಿಕ್ಕ ವಿವರಣೆ ಅನಾರೋಗ್ಯದ್ದು. ಶವಪರೀಕ್ಷೆಯಲ್ಲಿ ಮೈತುಂಬ ಪೆಟ್ಟಿನ ಗುರುತುಗಳು ಕಂಡವು. ಸೂಪರಿಂಟೆಂಡೆಂಟ್ ಸೇರಿ ಅಲ್ಲಿನ ಆರು ಮಂದಿ ಸಿಬ್ಬಂದಿಯನ್ನು ಪೊಲೀಸರು ಬಂಧಿಸಿದರು.

ಆ ಹುಡುಗನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಆಗ ಪತ್ರಿಕೆಗಳಲ್ಲಿ ಬಂದಿತ್ತು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಇಂಥ ಮಕ್ಕಳ ಗುರುತನ್ನು ಬಯಲು ಮಾಡಬಾರದು ಎನ್ನುತ್ತದೆ. ಬದುಕಿದ್ದಾಗ ಕಾನೂನು ಅವನಿಗೆ ಕೊಟ್ಟಿದ್ದ ಮರ್ಯಾದೆಗಳಲ್ಲಿ ಇದೊಂದನ್ನಾದರೂ ನಾವು ಉಳಿಸಿಕೊಳ್ಳೋಣ.

ತಾಯಿಯ ಹೋರಾಟ, ಮಾನವ ಹಕ್ಕುಗಳ ಕಾರ್ಯಕರ್ತರ ಒತ್ತಾಯ, ಪತ್ರಿಕೆಗಳ ವರದಿ ಇವೆಲ್ಲ ಸೇರಿ ವಿಷಯ ದೊಡ್ಡದಾಯಿತು. ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯನ್ನು ತಮಿಳುನಾಡು ಸರ್ಕಾರ 2023ರಲ್ಲಿ ನೇಮಿಸಿತು. ರಾಜ್ಯದ ಇಂಥ ಮನೆಗಳೆಲ್ಲ ಹೇಗೆ ಸುಧಾರಿಸಬೇಕು ಎಂಬುದನ್ನು ಹೇಳುವುದು ಅದರ ಕೆಲಸ. ಆ ವರ್ಷದ ನವೆಂಬರಿನಲ್ಲಿ ಅವರು ಮುಖ್ಯಮಂತ್ರಿಗಳಿಗೆ ವರದಿ ಕೊಟ್ಟರು. ಈ ಮನೆಗಳ ಆಡಳಿತಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ ಬೇಕೆಂಬುದು ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು. ಯಾವುದೋ ದೊಡ್ಡ ಇಲಾಖೆಯ ಹತ್ತು ಕೆಲಸಗಳ ಜೊತೆ ಹನ್ನೊಂದನೆಯದಾಗಿ ಈ ಮಕ್ಕಳು ಇರಬಾರದು ಎಂಬ ಕಾಳಜಿ ಅದರಲ್ಲಿದೆ.

ಚೆಂಗಲ್ಪಟ್ಟಿನ ಘಟನೆ ಒಂಟಿಯಾಗಿ ಬಂದದ್ದಲ್ಲ. 2016ರ ಜುಲೈಯಲ್ಲಿ ಕೆಲ್ಲೀಸಿನ ವೀಕ್ಷಣಾಲಯದಿಂದ ಮೂವತ್ತಕ್ಕೂ ಹೆಚ್ಚು ಹುಡುಗರು ಒಟ್ಟಿಗೆ ತಪ್ಪಿಸಿಕೊಂಡಿದ್ದರು. ಆ ಗಲಾಟೆಯಲ್ಲಿ ಟ್ಯೂಬ್‌ಲೈಟ್ ಒಡೆದು ಆ ಗಾಜಿನಿಂದ ತಮ್ಮ ಮೈಯನ್ನೇ ಕೊಯ್ದುಕೊಂಡ ಹುಡುಗರಿದ್ದರು. 2020ರ ಜೂನಿನಲ್ಲಿ ರಾಯಪುರಂನ ಸರ್ಕಾರಿ ಮಕ್ಕಳ ಮನೆಯಲ್ಲಿ 35 ಮಕ್ಕಳಿಗೆ ಕೊರೊನಾ ತಗುಲಿತು. ಅದು ಆರೋಪ ಹೊತ್ತ ಮಕ್ಕಳ ಮನೆಯಲ್ಲ, ಪಾಲನೆಯ ಅವಶ್ಯವಿದ್ದವರ ಮನೆ. ಆದರೂ ಇಕ್ಕಟ್ಟಿನ ಕಷ್ಟ ಎರಡೂ ಕಡೆ ಒಂದೇ. ಸುಪ್ರೀಂ ಕೋರ್ಟ್ ಆಗ ತಮಿಳುನಾಡು ಸರ್ಕಾರವನ್ನು ವಿವರಣೆ ಕೇಳಿತು. ಪೆಟ್ಟು, ಪಲಾಯನ, ಸೋಂಕು ಮೂರೂ ಬೇರೆ ಬೇರೆ ಸುದ್ದಿಗಳಂತೆ ಕಾಣುತ್ತವೆ. ಆ ದಿನ, ಆ ಹೊತ್ತಿನಲ್ಲಿ, ಆ ಮಕ್ಕಳ ಬಳಿ ಯಾರಿದ್ದರು ಎಂಬ ಪ್ರಶ್ನೆ ಮೂರರಲ್ಲೂ ಇದೆ.

ಮದರಾಸಿನ ಹಳೆಯ ನಂಟು

ಮಕ್ಕಳನ್ನು ಜೈಲಿನಿಂದ ಹೊರಗಿಡಬೇಕೆಂಬ ವಿಚಾರ ಈ ನೆಲಕ್ಕೆ ಹೊಸದಲ್ಲ. 1876ರಲ್ಲಿ ರಿಫಾರ್ಮೇಟರಿ ಶಾಲೆಗಳ ಕಾಯ್ದೆ ಬಂತು, ಮುಂದೆ 1887ರಲ್ಲಿ ಚೆಂಗಲ್ಪಟ್ಟಿನಲ್ಲಿ ರಿಫಾರ್ಮೇಟರಿ ಶಾಲೆ ತೆರೆಯಿತು. ನಮ್ಮ ಕಾಲದ ಈ ಸಾವು ನಡೆದದ್ದು ಮಕ್ಕಳ ಸುಧಾರಣೆಯ ಕೆಲಸಕ್ಕೆ ಅಷ್ಟು ಹಳೆಯ ಹೆಸರಿರುವ ಊರಿನಲ್ಲಿ. 1919-20ರಲ್ಲಿ ಇಡೀ ದೇಶದ ಜೈಲುಗಳನ್ನು ನೋಡಿಬಂದ ಸಮಿತಿಯ ಅಧ್ಯಕ್ಷರಾಗಿದ್ದವರು ಮದರಾಸು ಆಡಳಿತದಲ್ಲೇ ಕೆಲಸ ಮಾಡಿದ್ದ ಸರ್ ಅಲೆಕ್ಸಾಂಡರ್ ಕಾರ್ಡ್ಯೂ. ಮಕ್ಕಳಿಗೆ ಬೇರೆ ನ್ಯಾಯಾಲಯ, ಬೇರೆ ಮನೆ ಬೇಕೆಂದು ಆ ಸಮಿತಿ ಒತ್ತಿ ಹೇಳಿತು. 1920ರಲ್ಲಿ ಮದರಾಸು ಮಕ್ಕಳ ಕಾಯ್ದೆ ಬಂತು. ಭಾರತದ ಪ್ರಾಂತ್ಯಗಳಲ್ಲಿ ಮಕ್ಕಳಿಗೆಂದೇ ಆದ ಮೊದಲ ಕಾಯ್ದೆ ಅದು. ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಅದನ್ನು ಹಿಂಬಾಲಿಸಿದವು. 1926ರಲ್ಲಿ ಹದಿಹರೆಯ ದಾಟುತ್ತಿದ್ದವರಿಗಾಗಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯೂ ಬಂತು.

ಕನ್ನಡಿಗರಾದ ನಮಗೂ ಈ ಚರಿತ್ರೆ ಸೇರಿದ್ದು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯದಲ್ಲಿದ್ದವು. 1920ರ ಆ ಕಾಯ್ದೆ ಮಂಗಳೂರಿನ ಬಂದರಿನಲ್ಲಿ ಸಿಕ್ಕಿಬಿದ್ದ ಹುಡುಗನಿಗೂ ಬಳ್ಳಾರಿಯ ಸಂತೆಯಲ್ಲಿ ಸಿಕ್ಕಿಬಿದ್ದವನಿಗೂ ಅನ್ವಯಿಸುವ ಕಾನೂನಾಗಿತ್ತು. ಮುಂದೆ 1964ರಲ್ಲಿ ನಮ್ಮ ರಾಜ್ಯಕ್ಕೆ ತನ್ನದೇ ಮಕ್ಕಳ ಕಾಯ್ದೆ ಬಂತು.

ಕಾನೂನು ಬಂದರೂ ಮಕ್ಕಳು ಜೈಲಿನಲ್ಲೇ ಉಳಿದಿದ್ದರು. ಪತ್ರಕರ್ತೆ ಶೀಲಾ ಬರ್ಸೆ ಸುಪ್ರೀಂ ಕೋರ್ಟಿಗೆ ಹೋಗಿ ದೇಶದ ಜೈಲುಗಳಲ್ಲಿರುವ ಮಕ್ಕಳ ಲೆಕ್ಕ ಕೇಳಿದರು. ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ 1986ರಲ್ಲಿ ಜಿಲ್ಲಾ ನ್ಯಾಯಾಧೀಶರಿಗೆ ಜೈಲುಗಳನ್ನು ಖುದ್ದಾಗಿ ನೋಡಿಬರಲು ಹೇಳಿತು. ಅದೇ ವರ್ಷ ಇಡೀ ದೇಶಕ್ಕೆ ಒಂದೇ ಬಾಲನ್ಯಾಯ ಕಾಯ್ದೆಯೂ ಬಂತು. ಆಗ ಗಂಡುಮಕ್ಕಳಿಗೆ 16, ಹೆಣ್ಣುಮಕ್ಕಳಿಗೆ 18 ವಯೋಮಿತಿ. 2000ದ ಕಾಯ್ದೆ ಇಬ್ಬರಿಗೂ 18 ಮಾಡಿತು. ಈಗಿರುವುದು 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಕಾಯ್ದೆ. ಘೋರ ಅಪರಾಧದ ಆರೋಪವಿದ್ದರೆ 16ರಿಂದ 18ರೊಳಗಿನವರನ್ನು ದೊಡ್ಡವರಂತೆ ವಿಚಾರಿಸಬಹುದೇ ಎಂದು ನೋಡುವ ಅವಕಾಶ ಇದರಲ್ಲಿ ಬಂದಾಗ ದೇಶದಲ್ಲಿ ದೊಡ್ಡ ಚರ್ಚೆ ನಡೆಯಿತು. ಆ ಚರ್ಚೆಯ ಗದ್ದಲದಲ್ಲಿ, ಕಾಯ್ದೆಯ ಎಷ್ಟೋ ಕಲಮುಗಳು ಮಕ್ಕಳ ಪಾಲನೆ, ಓದು, ರಕ್ಷಣೆಯ ವಿಷಯವನ್ನು ಹೇಳುತ್ತವೆ ಎಂಬುದು ಮರೆಯಾಯಿತು.

ಮೊದಲ ಇಪ್ಪತ್ತನಾಲ್ಕು ಗಂಟೆ

ವಶದಲ್ಲಿರುವ ಮಗುವಿಗೆ ಅತ್ಯಂತ ಅಪಾಯದ ಹೊತ್ತು ಮೊದಲ ದಿನ. ಹಿಡಿದವರಿಗೆ ತಪ್ಪೊಪ್ಪಿಗೆ ಬೇಕಿರುತ್ತದೆ. ಮನೆಯವರಿಗೆ ವಿಷಯ ತಿಳಿದಿರುವುದಿಲ್ಲ. ಒಳಗಿರುವ ಹಳೆಯ ಹುಡುಗರಿಗೆ ಹೊಸಬನ ಮೇಲೆ ಕಣ್ಣು. ಹುಡುಗನಿಗೋ ತನ್ನ ಹಕ್ಕು ಯಾವುದೆಂದೇ ಗೊತ್ತಿಲ್ಲ.

ಈ ಹೊತ್ತಿಗೆ ಕಾನೂನು ಏನು ಹೇಳುತ್ತದೆ ನೋಡಿ. ಮಗುವನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ. ಕೈಕೋಳ ಹಾಕುವಂತಿಲ್ಲ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿ ಇರುವಂತಿಲ್ಲ. ತಂದೆತಾಯಿಗೆ ಕೂಡಲೇ ಸುದ್ದಿ ಮುಟ್ಟಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು ಆ ಮಂಡಳಿಯಲ್ಲಿರುತ್ತಾರೆ, ಆ ಇಬ್ಬರಲ್ಲಿ ಒಬ್ಬರು ಮಹಿಳೆ ಇರಲೇಬೇಕು. 12ನೇ ಕಲಮಿನ ಪ್ರಕಾರ ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶಕ್ಕೇ ಭಂಗ ಬರುತ್ತದೆ ಎಂಬ ಮೂರು ಕಾರಣಗಳಲ್ಲಿ ಒಂದಿದ್ದರೆ ಮಾತ್ರ ನಿರಾಕರಿಸಬಹುದು, ಆ ಕಾರಣವನ್ನು ಬರೆದಿಡಬೇಕು.

ಜಾಮೀನನ್ನು ನಾನು ಸುರಕ್ಷತೆಯ ಮೊದಲ ಕ್ರಮ ಎಂದೇ ಎಣಿಸುತ್ತೇನೆ. ಎಷ್ಟೇ ಒಳ್ಳೆಯ ವೀಕ್ಷಣಾಲಯವಾದರೂ, ಹೋಗಬೇಕಿಲ್ಲದ ಮಗು ಅಲ್ಲಿಗೆ ಹೋಗದಿರುವುದೇ ಲೇಸು. ಸಣ್ಣ ಕಳವಿನ ಆರೋಪದ ಹುಡುಗನನ್ನು ಅಮ್ಮನ ಕೈಗೆ ಒಪ್ಪಿಸಿ, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿಟ್ಟು, ಶಾಲೆಗೆ ಮರಳಿಸಿದರೆ ಕೆಟ್ಟ ಸಹವಾಸದ ಅರ್ಧ ಭಯ ಅಲ್ಲಿಗೇ ಕಳೆಯುತ್ತದೆ. ಆದರೆ ಜಾಮೀನು ಕಾಗದದಲ್ಲಿ ಸಿಕ್ಕಿದರೂ ಕೈಗೆ ಸಿಗದ ಮಕ್ಕಳಿದ್ದಾರೆ. ಅಪ್ಪ ಇಲ್ಲ, ಅಮ್ಮ ದಿನಗೂಲಿ, ಕೇಸು ನಡೆಯುವ ಊರಿಗೆ ಬರಲು ಒಂದು ದಿನದ ಸಂಬಳ ಬಿಡಬೇಕು. ಚೆನ್ನೈನ ನಡುವಿನ ಕೊಳೆಗೇರಿಗಳಿಂದ ಎಬ್ಬಿಸಿ ಕಣ್ಣಗಿ ನಗರಕ್ಕೆ, ಪೆರುಂಬಾಕ್ಕಂಗೆ ಸಾಗಿಸಿದ ಸಂಸಾರಗಳ ಮಕ್ಕಳು ಶಾಲೆ, ಗೆಳೆಯರು, ಅಜ್ಜಿಯ ಮನೆ ಎಲ್ಲವನ್ನೂ ಒಟ್ಟಿಗೆ ಕಳೆದುಕೊಂಡವರು. ಅಂಥ ವಿಳಾಸ ಕೇಳಿದೊಡನೆ ಅನುಮಾನ ಪಡುವ ಅಭ್ಯಾಸ ನಮ್ಮ ಸಮಾಜದಲ್ಲೂ ಇದೆ, ಪೊಲೀಸರಲ್ಲೂ ಇದೆ. ಆ ಅಭ್ಯಾಸದ ಭಾರ ಹೊರುವುದು ಮಗು.

ಇನ್ನು ಒಳಗೆ ಕಾಲಿಡುವ ಗಳಿಗೆ. ಬಾಗಿಲಲ್ಲಿ ಒಂದು ದಾಖಲೆ ಪುಸ್ತಕ ಇರುತ್ತದೆ. ಹುಡುಗನ ಹೆಸರು, ವಯಸ್ಸು, ಬಂದ ಹೊತ್ತು, ತಂದು ಒಪ್ಪಿಸಿದವರ ಸಹಿ, ಮೈಮೇಲಿನ ಗಾಯ, ಅವನ ಬಳಿಯಿದ್ದ ವಸ್ತುಗಳು ಎಲ್ಲವೂ ಅದರಲ್ಲಿ ಬರಬೇಕು. ಈ ಸಾಲುಗಳಲ್ಲಿ ಗಾಯದ ಕಾಲಮು ಅತ್ಯಂತ ಮುಖ್ಯ. ಬಂದ ಕೂಡಲೇ ವೈದ್ಯರೋ ನರ್ಸೋ ಹುಡುಗನ ಬೆನ್ನು, ತೊಡೆ, ಅಂಗಾಲು ನೋಡಿ ಅಲ್ಲಿ ಬರೆದರೆ, ಪೆಟ್ಟು ಬಿದ್ದದ್ದು ಹೊರಗೋ ಒಳಗೋ ಎಂಬ ವಾದವೇ ಮುಂದೆ ಹುಟ್ಟುವುದಿಲ್ಲ. ಹಿಡಿದವರೂ ಎಚ್ಚರದಿಂದಿರುತ್ತಾರೆ, ಇರಿಸಿಕೊಂಡವರೂ ಎಚ್ಚರದಿಂದಿರುತ್ತಾರೆ. ಆ ಕಾಲಮು ಖಾಲಿ ಇದ್ದರೆ ಇಬ್ಬರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಬಹುದು. ನಡುವೆ ಹುಡುಗನಿಗೆ ಸಾಕ್ಷಿ ಇಲ್ಲ.

ಮೊದಲ ರಾತ್ರಿ ಹುಡುಗ ಯಾರ ಪಕ್ಕ ಮಲಗುತ್ತಾನೆ ಎಂಬುದೂ ಅಷ್ಟೇ ದೊಡ್ಡ ವಿಷಯ. ವಯಸ್ಸು, ದೇಹ ಮತ್ತು ಮನಸ್ಸಿನ ಸ್ಥಿತಿ, ಆರೋಪದ ತೀವ್ರತೆ ಇವನ್ನು ನೋಡಿ ಮಕ್ಕಳನ್ನು ಬೇರೆ ಬೇರೆ ಇರಿಸಬೇಕೆಂದು 47ನೇ ಕಲಮು ಹೇಳುತ್ತದೆ. ಹನ್ನೆರಡು ವರ್ಷದವನನ್ನು ಹದಿನೇಳು ತುಂಬಿದವರ ನಡುವೆ ಮಲಗಿಸಿದರೆ ಬೀಗ ಎಷ್ಟು ಗಟ್ಟಿಯಿದ್ದರೂ ಅವನು ಸುರಕ್ಷಿತನಲ್ಲ.

ನಲವತ್ತು ಚದರಡಿಯ ಬದುಕು

ಬಾಲನ್ಯಾಯ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳು 50 ಮಕ್ಕಳ ಒಂದು ಮನೆ ಹೇಗಿರಬೇಕೆಂದು ಅಡಿ ಲೆಕ್ಕದಲ್ಲಿ ಹೇಳಿವೆ. 25 ಮಕ್ಕಳಿಗೆ ಒಂದರಂತೆ ಸಾವಿರ ಚದರಡಿಯ ಎರಡು ಮಲಗುವ ಕೋಣೆ. ಅಂದರೆ ಮಗುವಿಗೆ 40 ಚದರಡಿ, ಎಂಟಡಿ ಉದ್ದ, ಐದಡಿ ಅಗಲ. ಎರಡು ತರಗತಿ ಕೋಣೆ, ಒಂದು ಗ್ರಂಥಾಲಯ, ಕಾಯಿಲೆ ಬಿದ್ದವರಿಗೊಂದು ಕೋಣೆ, ಊಟದ ಮನೆ, ಸಮಾಲೋಚನೆಗೊಂದು ಕೋಣೆ, ಆಟದ ಬಯಲು. ಐದು ಬಚ್ಚಲು, ಎಂಟು ಶೌಚಾಲಯ.

ಈ ಐದು ಬಚ್ಚಲನ್ನು ಹತ್ತಿರದಿಂದ ನೋಡೋಣ. ಐವತ್ತು ಹುಡುಗರಿಗೆ ಐದು ಎಂದರೆ ಒಂದಕ್ಕೆ ಹತ್ತು ಮಂದಿ. ಒಬ್ಬನಿಗೆ ಹತ್ತು ನಿಮಿಷ ಹಿಡಿದರೆ ಎಲ್ಲರ ಸ್ನಾನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಎರಡು ಬಚ್ಚಲಿನ ನಲ್ಲಿ ಕೆಟ್ಟಿತೆಂದು ಇಟ್ಟುಕೊಳ್ಳಿ. ಸ್ನಾನಕ್ಕೆ ಮೂರು ಗಂಟೆ ಹತ್ತಿರವಾಗುತ್ತದೆ. ಆಗ ಸಾಲಿನಲ್ಲಿ ಮುಂದೆ ನಿಲ್ಲುವವನು ಗಟ್ಟಿಗ, ಹಿಂದೆ ಬೀಳುವವನು ಚಿಕ್ಕವ. ತಿಂಡಿ ತಡ, ತರಗತಿ ತಡ, ಕೊನೆಯವನಿಗೆ ಸ್ನಾನವೇ ಇಲ್ಲ. ಚೆನ್ನೈನ ಬೇಸಿಗೆಯಲ್ಲಿ ಸ್ನಾನ ತಪ್ಪಿದ ಮೈಗೆ ಬೇಗನೆ ಬೆವರುಸಾಲೆ, ತುರಿಕೆ. ಬಕೆಟ್ಟಿಗೆ ಜಗಳ, ಜಗಳಕ್ಕೆ ಶಿಕ್ಷೆ, ಶಿಕ್ಷೆಗೆ ದ್ವೇಷ. ಗಲಭೆ ಎಂದು ಪತ್ರಿಕೆಯಲ್ಲಿ ಬರುವ ಸುದ್ದಿಯ ಬೇರು ಎಷ್ಟೋ ಸಲ ಇಂಥ ಕೆಟ್ಟ ನಲ್ಲಿಯ ಬಳಿ ಇರುತ್ತದೆ. ಅದಕ್ಕೇ ಸುರಕ್ಷತೆಯನ್ನೂ ದಿನನಿತ್ಯದ ಸೌಕರ್ಯವನ್ನೂ ಎರಡು ಬೇರೆ ಕಡತಗಳಲ್ಲಿ ಇಡಬಾರದು. ಕೊಳಾಯಿ ರಿಪೇರಿ ಮಾಡುವವನೂ ಈ ಮನೆಯಲ್ಲಿ ರಕ್ಷಣಾ ಸಿಬ್ಬಂದಿಯೇ.

ಬೇಸರವೂ ಅಪಾಯವೇ. ಸಂಜೆ ಐದರಿಂದ ಬೆಳಗ್ಗೆ ಆರರವರೆಗೆ ಹದಿನೇಳರ ಹರೆಯದ ನಲವತ್ತು ಹುಡುಗರನ್ನು ಕೋಣೆಯೊಳಗೆ ಕೂಡಿಹಾಕಿ, ಮಾಡಲು ಏನೂ ಕೊಡದಿದ್ದರೆ ಅಲ್ಲಿ ಯಾರಾದರೊಬ್ಬ ದಾದಾ ಹುಟ್ಟಿಕೊಳ್ಳುತ್ತಾನೆ. ನಿಯಮಗಳು ಬಯಸುವ ದಿನಚರಿಯಲ್ಲಿ ಓದು, ಕೈಕೆಲಸ, ಆಟ, ಸಂಗೀತ, ಸಮಾಲೋಚನೆ ಎಲ್ಲಕ್ಕೂ ಜಾಗವಿದೆ. ಇವು ಅಲಂಕಾರಕ್ಕೆ ಇಟ್ಟವಲ್ಲ. ಕಾಯ್ದೆಯ ಪ್ರಕಾರ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಆ ನಾಲ್ಕು ತಿಂಗಳಲ್ಲಿ ಹತ್ತನೇ ತರಗತಿಯ ಪರೀಕ್ಷೆ ಬಂದುಹೋದರೆ ಹುಡುಗನ ಒಂದು ವರ್ಷ ಹೋಯಿತು. ಆಮೇಲೆ ಮಂಡಳಿ ಅವನನ್ನು ನಿರ್ದೋಷಿ ಎಂದರೂ ಆ ವರ್ಷ ಮರಳಿ ಬರುವುದಿಲ್ಲ.

ರಾತ್ರಿ ಯಾರಿದ್ದಾರೆ?

ಅದೇ ಮಾದರಿ ನಿಯಮಗಳು 100 ಮಕ್ಕಳ ಮನೆಗೆ ಸೂಚಿಸಿರುವ ಸಿಬ್ಬಂದಿ ಸುಮಾರು 25. ಅದರಲ್ಲಿ ಸಮಾಲೋಚಕರು ಇಬ್ಬರು, ಪರಿವೀಕ್ಷಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿಗಳು ಮೂವರು, ಗೃಹಪಾಲಕರು ನಾಲ್ವರು. ಮಕ್ಕಳ ಜೊತೆ ಇದ್ದು, ಎಬ್ಬಿಸಿ, ಉಣಿಸಿ, ಮಲಗಿಸಬೇಕಾದವರು ಈ ನಾಲ್ವರು. ಮೂರು ಪಾಳಿಗೆ ಹಂಚಿ, ವಾರದ ರಜೆ ಕಳೆದರೆ ಒಂದು ಹೊತ್ತಿಗೆ ನೂರು ಮಕ್ಕಳ ಬಳಿ ಸಿಗುವುದು ಒಬ್ಬರು, ಹೆಚ್ಚೆಂದರೆ ಇಬ್ಬರು. ಹುದ್ದೆ ಖಾಲಿ ಬಿದ್ದರೆ ಆ ಒಬ್ಬರೂ ಇಲ್ಲ. ಆಗ ಉಳಿಯುವುದು ಗೇಟಿನ ಕಾವಲುಗಾರ. ಮಕ್ಕಳ ಮನಸ್ಸು ತಿಳಿಯುವ ತರಬೇತಿ ಅವನಿಗೆ ಯಾರೂ ಕೊಟ್ಟಿಲ್ಲ, ಸಂಬಳ ಕಡಿಮೆ, ಹೆದರಿಕೆ ಹೆಚ್ಚು. ಹೆದರಿದವನ ಕೈಗೆ ಲಾಠಿ ಬೇಗ ಬರುತ್ತದೆ. ಮಕ್ಕಳನ್ನಿರಿಸಿದ ಜಾಗದಲ್ಲಿ ಸಿಬ್ಬಂದಿ ಆಯುಧ ಹಿಡಿಯಬಾರದು, ಏಕಾಂತ ಕೋಣೆಯ ಶಿಕ್ಷೆ ಕೊಡಬಾರದು ಎಂದು ವಿಶ್ವಸಂಸ್ಥೆ 1990ರ ಹವಾನಾ ನಿಯಮಗಳಲ್ಲಿ ಹೇಳಿದ್ದು ಈ ಅನುಭವದಿಂದಲೇ.

ಹೊಡೆದವರಿಗೆ ನಮ್ಮ ಕಾಯ್ದೆಯಲ್ಲಿ ಶಿಕ್ಷೆಯಿದೆ. ಪಾಲನೆಯ ಹೊಣೆ ಹೊತ್ತ ಸಂಸ್ಥೆಯವರೇ ಕ್ರೌರ್ಯ ನಡೆಸಿದರೆ 75ನೇ ಕಲಮಿನಡಿ ಐದು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷದವರೆಗೆ ದಂಡ. ಶಿಸ್ತಿನ ಹೆಸರಿನಲ್ಲಿ ಹೊಡೆಯುವುದೂ 82ನೇ ಕಲಮಿನಡಿ ಅಪರಾಧ. ವಶದಲ್ಲಿದ್ದವರು ಸತ್ತರೆ ಮ್ಯಾಜಿಸ್ಟ್ರೇಟರ ವಿಚಾರಣೆ ಕಡ್ಡಾಯ. ಶಿಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆ ಬರುವುದು ಮಗು ಪೆಟ್ಟು ತಿಂದ ಮೇಲೆ. ಪೆಟ್ಟು ಬೀಳದಂತೆ ತಡೆಯುವುದು ಸಾಕಷ್ಟು ಜನ, ಸರಿಯಾದ ತರಬೇತಿ, ಹೊರಗಿನವರ ಓಡಾಟ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ ಇಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗಾಗಿಯೇ ತರಬೇತಿ ರೂಪಿಸಿದೆ. ಸಿಟ್ಟಿನ ಹುಡುಗನನ್ನು ಮುಟ್ಟದೆ ಶಾಂತಗೊಳಿಸುವುದು ಕಲಿತರೆ ಬರುವ ವಿದ್ಯೆ.

ಹೊರಗಿನ ಕಣ್ಣುಗಳಿಗೂ ಕಾನೂನು ದಾರಿ ಮಾಡಿದೆ. ಬಾಲನ್ಯಾಯ ಮಂಡಳಿ ತಿಂಗಳಿಗೊಮ್ಮೆಯಾದರೂ ಈ ಮನೆಗಳನ್ನು ನೋಡಬೇಕು. ದೊಡ್ಡವರ ಜೈಲಿಗೂ ಹೋಗಿ ಅಲ್ಲಿ ಮಕ್ಕಳು ಯಾರಾದರೂ ಸಿಕ್ಕಿಕೊಂಡಿದ್ದಾರೆಯೇ ಎಂದು ಹುಡುಕಬೇಕು. ರಾಜ್ಯ, ಜಿಲ್ಲೆಗಳ ತಪಾಸಣಾ ಸಮಿತಿಗಳು ಬರಬೇಕು. ಪ್ರತಿ ಮನೆಯಲ್ಲೂ ಮಕ್ಕಳದೇ ಸಮಿತಿ ಇರಬೇಕು. ದೂರಿನ ಪೆಟ್ಟಿಗೆ ಕಚೇರಿಯಿಂದ ದೂರ, ಮಲಗುವ ಕೋಣೆಗಳ ಹತ್ತಿರ ಇರಬೇಕು, ಅದರ ಕೀಲಿ ಮನೆಯ ಮುಖ್ಯಸ್ಥರ ಕೈಯಲ್ಲಿ ಇರಕೂಡದು, ವಾರಕ್ಕೊಮ್ಮೆ ಮಕ್ಕಳ ಎದುರಿಗೇ ತೆರೆಯಬೇಕು. ಎಷ್ಟು ಯೋಚಿಸಿ ಬರೆದ ನಿಯಮ! ಹೊಡೆಯುವವನ ಕಣ್ಣೆದುರಿಗೇ ದೂರು ಹಾಕುವ ಧೈರ್ಯ ಯಾವ ಮಗುವಿಗೂ ಬರುವುದಿಲ್ಲ ಎಂದು ತಿಳಿದವರು ಬರೆದದ್ದು.

ಮಹಾಬಲಿಪುರಂನ ಅನಾಥಾಲಯಗಳ ಬಗ್ಗೆ 2007ರಲ್ಲಿ ಬಂದ ಪತ್ರಿಕಾ ವರದಿಯಿಂದ ಶುರುವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಮಕ್ಕಳ ಮನೆಗಳೆಲ್ಲ ನೋಂದಣಿಯಾಗಬೇಕು, ತಪಾಸಣಾ ಸಮಿತಿಗಳು ಕೆಲಸ ಮಾಡಬೇಕು ಎಂದಿತು. ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ 2018ರ ಫೆಬ್ರುವರಿ 9ರಂದು ಖಾಲಿ ಹುದ್ದೆಗಳನ್ನು ತುಂಬಿ ಎಂದಿತು. ಎರಡೂ ತೀರ್ಪು ನ್ಯಾಯಮೂರ್ತಿ ಮದನ್ ಲೋಕೂರ್ ಅವರ ಪೀಠದ್ದು. ಚೆಂಗಲ್ಪಟ್ಟಿನ ಸಾವು ಅವೆರಡೂ ಆದ ಮೇಲಿನದು. ಕಾನೂನಿನಲ್ಲಿ ಕೊರತೆ ಇಲ್ಲ, ತೀರ್ಪಿನಲ್ಲೂ ಇಲ್ಲ. ‘ಇವತ್ತು ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಈ ಕೋಣೆಯ ಮಕ್ಕಳಿಗೆ ನಾನು ಹೊಣೆ’ ಎಂದು ಸಹಿ ಹಾಕುವ ಒಬ್ಬ ಮನುಷ್ಯನ ಕೊರತೆ ಇದೆ. ಅವನಿಗೆ ಆ ಹೊಣೆ ಹೊರುವಷ್ಟು ಸಂಬಳ, ತರಬೇತಿ, ಸಹಾಯಕರನ್ನು ಕೊಡುವ ಮನಸ್ಸಿನ ಕೊರತೆಯೂ ಇದೆ.

ಬೇರೆ ದಾರಿ ಹಿಡಿದವರು

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಕಷ್ಟವಲ್ಲ. 2019ರ ವಿಶ್ವಸಂಸ್ಥೆಯ ಅಧ್ಯಯನದ ಅಂದಾಜಿನಂತೆ ಲೋಕದಾದ್ಯಂತ ವರ್ಷಕ್ಕೆ ಕನಿಷ್ಠ 4,10,000 ಮಕ್ಕಳು ಜೈಲುಗಳಲ್ಲಿ, ವಿಚಾರಣಾ ಬಂಧನ ಗೃಹಗಳಲ್ಲಿ ಇರುತ್ತಾರೆ. ಆದರೆ ದಾರಿ ಬದಲಿಸಿದವರೂ ಇದ್ದಾರೆ. ಅಮೆರಿಕದ ಮಿಸೌರಿ ರಾಜ್ಯದ ಬೂನ್‌ವಿಲ್ ಎಂಬಲ್ಲಿ 1889ರಲ್ಲಿ, ಅಂದರೆ ನಮ್ಮ ಚೆಂಗಲ್ಪಟ್ಟಿನ ಶಾಲೆ ತೆರೆದ ಎರಡೇ ವರ್ಷಕ್ಕೆ, ಹುಡುಗರ ಸುಧಾರಣಾ ಶಾಲೆ ಶುರುವಾಯಿತು. ದೊಡ್ಡ ಕಟ್ಟಡ, ನೂರಾರು ಹುಡುಗರು, ಹೊಡೆತ ಬಡಿತಕ್ಕೆ ಹೆಸರಾದ ಜಾಗ. 1983ರಲ್ಲಿ ಅದನ್ನು ಮುಚ್ಚಿಯೇಬಿಟ್ಟರು. ಅದರ ಬದಲು ಹುಡುಗರ ಊರುಗಳಿಗೆ ಹತ್ತಿರವಾಗಿ ಚಿಕ್ಕ ಮನೆಗಳನ್ನು ಮಾಡಿದರು. ಹತ್ತು ಹನ್ನೆರಡು ಹುಡುಗರ ಒಂದು ಗುಂಪು, ಆ ಗುಂಪಿಗೆ ಅವರದೇ ಸಿಬ್ಬಂದಿ. ಒಟ್ಟಿಗೆ ಓದು, ಒಟ್ಟಿಗೆ ಊಟ, ಜಗಳವಾದರೆ ಒಟ್ಟಿಗೆ ಕೂತು ಮಾತು. ಮನೆಯವರು ಬಂದುಹೋಗುವುದು ಸುಲಭವಾಯಿತು.

ಅಮೆರಿಕದ ಹಣ ನಮ್ಮಲ್ಲಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಗುಂಪಿನ ಗಾತ್ರ ಮತ್ತು ಗುರುತು ಹಿಡಿಯುವ ದೊಡ್ಡವರು. 2022ರಲ್ಲಿ ನಮ್ಮ ದೇಶದಲ್ಲಿ ಮಕ್ಕಳನ್ನೇ ಆರೋಪಿಗಳಾಗಿಸಿ ದಾಖಲಾದ ಪ್ರಕರಣ 30 ಸಾವಿರದ ಆಸುಪಾಸು. 140 ಕೋಟಿ ಜನರ ನಾಡಿಗೆ ಈ ಸಂಖ್ಯೆ ದೊಡ್ಡದಲ್ಲ. ಈ ಮಕ್ಕಳಲ್ಲಿ ಅನೇಕರಿಗೆ ಜಾಮೀನು ಸಿಕ್ಕರೆ ಒಳಗೆ ಉಳಿಯುವವರು ಇನ್ನೂ ಕಡಿಮೆ. ಇಷ್ಟು ಮಕ್ಕಳನ್ನು ಹತ್ತು ಹನ್ನೆರಡರ ಗುಂಪಿನಲ್ಲಿ ಹೆಸರು ಹಿಡಿದು ಕರೆಯುತ್ತ ನೋಡಿಕೊಳ್ಳುವುದು ನಮ್ಮ ಶಕ್ತಿ ಮೀರಿದ ಕೆಲಸವಲ್ಲ.

ನಮ್ಮ ಪಾಲಿನ ಕೆಲಸ

ಕೊನೆಗೆ, ಈ ಸಭೆಯಲ್ಲಿರುವ ನಾವೇನು ಮಾಡಬಹುದು?

ಮೊದಲನೆಯದು ಭಾಷೆಯ ಕೆಲಸ. ಹೊಸೂರು, ಕೃಷ್ಣಗಿರಿ ಕಡೆಯಿಂದ, ಕರ್ನಾಟಕದ ಊರುಗಳಿಂದ ರೈಲು ಹತ್ತಿ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಯುವ ಮಕ್ಕಳಿದ್ದಾರೆ. ಅಂಥ ಒಬ್ಬ ಹುಡುಗ ವಶಕ್ಕೆ ಸಿಕ್ಕರೆ, ತಮಿಳು ಬಾರದೆ, ತನ್ನನ್ನು ಯಾಕೆ ಹಿಡಿದರು ಎಂಬುದೂ ತಿಳಿಯದೆ ಕೂತಿರುತ್ತಾನೆ. ಹೊಟ್ಟೆ ನೋಯುತ್ತಿದೆ ಎಂದು ಹೇಳಲೂ ಮಾತು ಬಾರದ ಮಗು ಅತ್ಯಂತ ಅಸುರಕ್ಷಿತ ಮಗು. ನಡೆಯುತ್ತಿರುವುದು ಅರ್ಥವಾಗದ ಮಗುವಿಗೆ ಮಂಡಳಿ ದುಭಾಷಿಯನ್ನು ಒದಗಿಸಬೇಕೆಂದು 8ನೇ ಕಲಮಿನಲ್ಲೇ ಇದೆ. ಚೆನ್ನೈನ ಕನ್ನಡ ಸಂಘಗಳು ಸೇರಿ ಕನ್ನಡ, ತಮಿಳು ಎರಡೂ ಬಲ್ಲವರ ಪಟ್ಟಿಯೊಂದನ್ನು ಫೋನ್ ಸಂಖ್ಯೆಯ ಸಮೇತ ಕೆಲ್ಲೀಸಿನ ಮಂಡಳಿಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಕೊಡಲಿ. ನಿವೃತ್ತ ಶಿಕ್ಷಕಿಯರು, ಬ್ಯಾಂಕಿನಿಂದ ನಿವೃತ್ತರಾದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಒಂದು ಬೆಳಗ್ಗೆ ಒಂದು ಮಗುವಿನ ಕೇಸಿನ ದಿಕ್ಕನ್ನೇ ಬದಲಿಸಬಹುದು.

ಎರಡನೆಯದು ಕಲಿಸುವ ಕೆಲಸ. ಮನೆಯ ಅಧಿಕಾರಿಗಳ ಅನುಮತಿ ಪಡೆದು ವಾರಕ್ಕೊಂದು ಸಂಜೆ ಗಣಿತವನ್ನೋ ವಿದ್ಯುತ್ ಕೆಲಸವನ್ನೋ ಹಾಡನ್ನೋ ಕಲಿಸಲು ಹೋಗಬಹುದು. ಹಾಗೆ ಹೋಗುವವರು ಮೂರು ತಿಂಗಳಲ್ಲಿ ಬೇಸರಪಟ್ಟು ಬಿಡಬಾರದು. ಬಿಟ್ಟುಹೋಗುವ ದೊಡ್ಡವರನ್ನು ಆ ಮಕ್ಕಳು ಈಗಾಗಲೇ ಬೇಕಾದಷ್ಟು ನೋಡಿದ್ದಾರೆ. ನಿಯಮಿತವಾಗಿ ಬರುವ ಹೊರಗಿನವರಿರುವ ಮನೆಯಲ್ಲಿ ಕೈ ಎತ್ತುವವನು ಎರಡು ಸಲ ಯೋಚಿಸುತ್ತಾನೆ.

ಮೂರನೆಯದು ಕೇಳುವ ಕೆಲಸ. ಚಂದ್ರು ಸಮಿತಿಯ ಶಿಫಾರಸುಗಳಲ್ಲಿ ಯಾವುದು ಜಾರಿಯಾಯಿತು, ಯಾವುದು ಉಳಿಯಿತು ಎಂದು ಶಾಸಕರನ್ನು, ಇಲಾಖೆಯನ್ನು ಕೇಳಿ. ಗೃಹಪಾಲಕರ ಹುದ್ದೆ ಎಷ್ಟು ಖಾಲಿಯಿವೆ, ದೂರಿನ ಪೆಟ್ಟಿಗೆ ಕಳೆದ ಸಲ ಯಾವಾಗ ತೆರೆದರು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅರ್ಜಿಯ ಶುಲ್ಕ ಹತ್ತು ರೂಪಾಯಿ. ಉತ್ತರ ಬರೆಯಬೇಕಾದ ಗುಮಾಸ್ತರು ಕಡತ ತೆಗೆದು ನೋಡಲೇಬೇಕಾಗುತ್ತದೆ. ಆ ನೋಟವೇ ಒಂದು ರಕ್ಷಣೆ.

ಈ ಮಕ್ಕಳಲ್ಲಿ ಕೆಲವರು ನಿಜಕ್ಕೂ ಕೆಟ್ಟ ಕೆಲಸ ಮಾಡಿದವರಿರುತ್ತಾರೆ. ಅವರಿಂದ ನೊಂದವರೂ ಇರುತ್ತಾರೆ, ಅವರ ನೋವನ್ನು ನಾನು ಕಡೆಗಣಿಸುವುದಿಲ್ಲ. ಅದಕ್ಕೆ ಉತ್ತರ ಮಂಡಳಿಯ ಆದೇಶದಲ್ಲಿ ಸಿಗಬೇಕು. ಕತ್ತಲ ಕೋಣೆಯ ಪೆಟ್ಟಿನಲ್ಲಿ ಸಿಗಲಾರದು. ತಪ್ಪು ಸಾಬೀತಾದವರನ್ನು ಇರಿಸುವ ವಿಶೇಷ ಗೃಹದಲ್ಲಿ ಹೆಚ್ಚೆಂದರೆ ಮೂರು ವರ್ಷ ಇದ್ದು ಹುಡುಗ ಹೊರಗೆ ಬರುತ್ತಾನೆ. ಬಂದು ನಮ್ಮ ಬೀದಿಯಲ್ಲೇ ಬದುಕುತ್ತಾನೆ. ಹೊಡೆತ ತಿಂದು ಬಂದವನು ಬೇಕೋ, ಐ.ಟಿ.ಐ. ಸೇರಲು ಸಿದ್ಧವಾಗಿ ಬಂದವನು ಬೇಕೋ ಎಂಬುದನ್ನು ನಾವು ತೀರ್ಮಾನಿಸುವುದು ಅವನು ಒಳಗಿರುವಾಗ.

ಹಾಗಾಗಿ ನನ್ನ ಬೇಡಿಕೆ ಸಣ್ಣದು, ಆದರೆ ಬಿಡದೆ ಕೇಳುವಂಥದು. ಕೆಲ್ಲೀಸಿನಿಂದ ಚೆಂಗಲ್ಪಟ್ಟಿನವರೆಗೆ, ಬೆಂಗಳೂರಿನ ಮಡಿವಾಳದವರೆಗೆ, ಪ್ರತಿ ವೀಕ್ಷಣಾಲಯದ ಮಲಗುವ ಕೋಣೆಯ ಬಾಗಿಲಲ್ಲಿ ಆ ದಿನದ ಮೂರು ಪಾಳಿಯ ಹೊಣೆಗಾರರ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿರಲಿ. ಮಕ್ಕಳಿಗೆ ಓದಲು ಸಿಗಲಿ, ನೋಡಲು ಬಂದ ತಾಯಿಗೆ ಸಿಗಲಿ, ತಪಾಸಣೆಗೆ ಬಂದ ಮ್ಯಾಜಿಸ್ಟ್ರೇಟರಿಗೆ ಸಿಗಲಿ. ಇದಕ್ಕೆ ಹೊಸ ಕಾಯ್ದೆ ಬೇಡ, ಹೊಸ ಕಟ್ಟಡ ಬೇಡ. ನಾಳೆ ಬೆಳಗ್ಗೆಯೇ ಶುರು ಮಾಡಬಹುದು. ಈ ಮಾತನ್ನು ಈ ಸಭೆಯ ಮನವಿಯಾಗಿ ಸರ್ಕಾರಕ್ಕೆ ಬರೆದು ಕಳಿಸಬೇಕೆಂದು ಅಧ್ಯಕ್ಷರಲ್ಲಿ ಕೇಳಿಕೊಳ್ಳುತ್ತೇನೆ.